ಸೂಜಿಯೂ ರಕ್ತಸ್ತಂಭವೂ

ಕಳೆದ ವರ್ಷ ಒಂದೇ ವಾರದಲ್ಲಿ ನಾನು ಎರಡು ಜೊತೆ ಕಾಲುಗಳನ್ನು ಕಂಡೆ. ಭೌತಶಾಸ್ತ್ರದ ಅಧ್ಯಾಪಕನಿಗೆ ಕಾಲುಗಳ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುವ ಒಂದು ಸಮೀಕರಣವೇ ಆ ಕಾಲುಗಳ ಮೇಲೆಯೂ ಬರೆದಿತ್ತು. ಅದನ್ನು ಓದಿಕೊಳ್ಳಲು ನನಗೇ ತಡವಾಯಿತು. ಈ ಲೇಖನಕ್ಕೆ ಅದೇ ಕಾರಣ.

ಮೊದಲನೆಯವು ನನ್ನ ಚಿಕ್ಕಪ್ಪನ ಮಗಳ ಕಾಲುಗಳು. ಅವಳಿಗೆ ೨೪ ವರ್ಷ; ಮದುವೆ ನಿಶ್ಚಯವಾಗಿತ್ತು. ಮೊಣಕಾಲಿನ ಹಿಂಬದಿಯಲ್ಲಿ ಕೆಂಪು, ನೇರಿಳೆ ಬಣ್ಣದ ಕೂದಲೆಳೆಯಂಥ ಗೆರೆಗಳು ಜೇಡನ ಬಲೆಯಂತೆ ಹರಡಿದ್ದುವು. ನೋವಿರಲಿಲ್ಲ, ಊತವಿರಲಿಲ್ಲ. ಅವಳ ಕೈಯಲ್ಲಿ ಒಂದು ಜಾಹೀರಾತಿನ ಹಾಳೆಯಿತ್ತು. ಕೆಲವೇ ಚುಚ್ಚುಮದ್ದುಗಳಿಂದ ಇಂಥ ಗೆರೆಗಳು ಶಾಶ್ವತವಾಗಿ ಮಾಯವಾಗುವುವೆಂದೂ ಮುಂಗಡ ಕಟ್ಟಿದವರಿಗೆ ರಿಯಾಯಿತಿ ಉಂಟೆಂದೂ ಅದರಲ್ಲಿ ಅಚ್ಚಾಗಿತ್ತು. “ಅಣ್ಣಾ, ಇದರಲ್ಲಿ ನೊರೆ ಅಂತ ಬರೆದಿದ್ದಾರಲ್ಲ, ರಕ್ತದೊಳಗೆ ನೊರೆ ಬಿಡುವುದು ಎಂದರೇನು?” ಎಂದು ಕೇಳಿದಳು. ನನ್ನಲ್ಲಿ ಆಗ ಸರಿಯಾದ ಉತ್ತರವಿರಲಿಲ್ಲ.

ಎರಡನೆಯವು ನಮ್ಮ ಪ್ರಯೋಗಶಾಲೆಯ ಅಟೆಂಡರ ಕಾಲುಗಳು. ಅವರು ೨೮ ವರ್ಷಗಳಿಂದ ಅಲ್ಲಿ ಕೆಲಸಮಾಡುತ್ತಿರುವ ಹಿರಿಯರು. ಬೆಳಗಿನಿಂದ ಸಂಜೆಯವರೆಗೆ ಉಪಕರಣಗಳನ್ನು ತೆಗೆದುಕೊಡುತ್ತ, ಒರೆಸಿಡುತ್ತ, ಬಿಡುವಾದಾಗ ಗೋಡೆಗೊರಗಿ ನಿಂತೇ ಇರುವರು. ಒಂದು ದಿನ ಅವರ ಷರಾಯಿಯ ಅಂಚು ಒದ್ದೆಯಾಗಿದ್ದುದನ್ನು ಕಂಡು ವಿಚಾರಿಸಿದೆ. ಬಲಗಾಲಿನ ಹರಡಿನ ಒಳಬದಿಯಲ್ಲಿ ಒಂದು ರೂಪಾಯಿಯ ನಾಣ್ಯಕ್ಕಿಂತ ದೊಡ್ಡದಾದ ಹುಣ್ಣು; ಅದರ ಸುತ್ತ ಚರ್ಮ ಕಂದುಬಣ್ಣಕ್ಕೆ ತಿರುಗಿ ಬಿರುಸಾಗಿತ್ತು; ಮೇಲೆ ಮೀನಖಂಡದ ಉದ್ದಕ್ಕೂ ಕಿರುಬೆರಳ ಗಾತ್ರದ ನಾಳವೊಂದು ಹಾವಿನಂತೆ ಸುತ್ತಿಕೊಂಡಿತ್ತು. “ಎರಡು ವರ್ಷವಾಯಿತು ಸಾರ್, ಮುಲಾಮು ಹಚ್ಚುತ್ತಾ ಇದ್ದೇನೆ. ಮಾಯುತ್ತದೆ, ಮತ್ತೆ ಆಗುತ್ತದೆ” ಎಂದರು. ಹುಣ್ಣಿಗೂ ಆ ಉಬ್ಬಿದ ನಾಳಕ್ಕೂ ಸಂಬಂಧವುಂಟೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಹೀಗೆ ಸೂಜಿಯು ತನ್ನ ಅಗತ್ಯ ಅಷ್ಟೇನೂ ಇಲ್ಲದ ಕಾಲನ್ನು ಹುಡುಕಿಕೊಂಡು ಬಂದಿತ್ತು. ಅಗತ್ಯವಿದ್ದ ಕಾಲಿನತ್ತ ಸುಳಿದಿರಲಿಲ್ಲ. ಇದಕ್ಕೆ ಹಣವೊಂದೇ ಕಾರಣವೆಂದು ನಾನು ಭಾವಿಸುವುದಿಲ್ಲ; ತಿಳಿವಳಿಕೆಯ ಕೊರತೆಯೂ ಕಾರಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರಕ್ತನಾಳಕ್ಕೆ ಕೊಡುವ ಈ ಚುಚ್ಚುಮದ್ದು ಒಳ್ಳೆಯ ಸಾಧನ. ಆದರೆ ಅದು ನಾಳವನ್ನು ಮುಚ್ಚಬಲ್ಲುದೇ ಹೊರತು ನಾಳವನ್ನು ಹಿಗ್ಗಿಸಿದ ಒತ್ತಡವನ್ನು ತಾನಾಗಿ ತೆಗೆಯಲಾರದು. ಆದುದರಿಂದ ಒತ್ತಡ ಎಲ್ಲಿಂದ ಬಂತೆಂಬ ಪ್ರಶ್ನೆ ಮೊದಲು ಬರಬೇಕು, ಸೂಜಿ ಆಮೇಲೆ.

ಆ ಒತ್ತಡ ಯಾವುದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಲೆಕ್ಕಹಾಕಬಹುದು. ಹೃದಯದಿಂದ ಹೊರಟ ರಕ್ತವು ಅಪಧಮನಿಗಳ ಮೂಲಕ ಕಾಲಿಗಿಳಿದು, ಸೂಕ್ಷ್ಮವಾದ ಲೋಮನಾಳಗಳನ್ನು ಹಾದು, ಅಭಿಧಮನಿಗಳ ಮೂಲಕ ಹೃದಯಕ್ಕೆ ಮರಳುವುದು. ನಾವು ನಿಂತಾಗ ಕಾಲಿನ ಹರಡಿನಿಂದ ಹೃದಯದವರೆಗೆ ಈ ಅಭಿಧಮನಿಗಳಲ್ಲಿ ಒಂದು ರಕ್ತಸ್ತಂಭ ನಿಂತಿರುವುದು. ಅದರ ಎತ್ತರ ೧೨೦ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ರಕ್ತವು ನೀರಿಗಿಂತ ತುಸು ಭಾರ, ೧.೦೬ರಷ್ಟು, ಪಾದರಸ ೧೩.೬ರಷ್ಟು. ೧೨೦ನ್ನು ೧.೦೬ರಿಂದ ಗುಣಿಸಿ ೧೩.೬ರಿಂದ ಭಾಗಿಸಿದರೆ ೯.೩೫ ಬರುವುದು. ಎಂದರೆ ಸುಮ್ಮನೆ ನಿಂತ ಮನುಷ್ಯನ ಕಾಲಿನ ಹರಡಿನ ಅಭಿಧಮನಿಯಲ್ಲಿ, ನಿಂತ ಮಾತ್ರಕ್ಕೇ, ಸುಮಾರು ೯೩ ಮಿಲಿಮೀಟರ್ ಪಾದರಸದಷ್ಟು ಒತ್ತಡವಿರುವುದು. ಮಲಗಿದಾಗ ಸ್ತಂಭವೂ ಮಲಗುವುದರಿಂದ ಈ ಒತ್ತಡ ಹೆಚ್ಚುಕಡಿಮೆ ಇಲ್ಲವಾಗುವುದು.

ಇದನ್ನು ನಂಬಲು ಉಪಕರಣ ಬೇಕಿಲ್ಲ. ಒಂದು ಕೈಯನ್ನು ಒಂದು ನಿಮಿಷ ಸಡಿಲವಾಗಿ ಕೆಳಗೆ ಇಳಿಬಿಡಿ. ಹಿಂಗೈಯ ನಾಳಗಳು ಉಬ್ಬುವುವು. ಈಗ ಕೈಯನ್ನು ನಿಧಾನವಾಗಿ ಮೇಲೆತ್ತಿ. ಅದು ಎದೆಯ ಮಟ್ಟವನ್ನು ದಾಟುತ್ತಿದ್ದಂತೆಯೇ ಉಬ್ಬಿದ ನಾಳಗಳು ಕುಸಿದು ಚರ್ಮದೊಡನೆ ಸಮವಾಗುವುವು. ನಿಮ್ಮ ಕೈಯೇ ಒಂದು ಒತ್ತಡಮಾಪಕ. ಅದರ ಶೂನ್ಯಬಿಂದು ಹೃದಯದ ಮಟ್ಟದಲ್ಲಿದೆ.

ದ್ರವದ ಒತ್ತಡವು ಸ್ತಂಭದ ಎತ್ತರವನ್ನು ಅವಲಂಬಿಸುವುದೇ ಹೊರತು ಕೊಳವೆಯ ಅಗಲವನ್ನಲ್ಲ ಎಂದು ನೀವು ಪಠ್ಯಪುಸ್ತಕದಲ್ಲಿ ಓದಿರುವಿರಿ. ಅಪಧಮನಿಗಳಲ್ಲಿಯೂ ಇಷ್ಟೇ ಎತ್ತರದ ಸ್ತಂಭವಿರುವುದರಿಂದ, ಯು ಆಕಾರದ ಕೊಳವೆಯ ಎರಡು ತೋಳುಗಳಂತೆ, ಒಂದರ ಭಾರವನ್ನು ಇನ್ನೊಂದು ಸರಿದೂಗಿಸುವುದು; ನಾವು ನಿಂತೆವೆಂದು ರಕ್ತಸಂಚಾರ ನಿಂತುಹೋಗುವುದಿಲ್ಲ. ಆದರೆ ಗೋಡೆಗಳ ಮಾತು ಬೇರೆ. ಅಪಧಮನಿಯ ಗೋಡೆ ದಪ್ಪ, ಅಭಿಧಮನಿಯದು ತೆಳು. ತೆಳುಗೋಡೆಯ ಈ ಕೊಳವೆ ದಿನಕ್ಕೆ ಹತ್ತು ಗಂಟೆಗಳ ಕಾಲ ೯೩ ಮಿಲಿಮೀಟರ್ ಒತ್ತಡವನ್ನು ತಾಳಬೇಕಾದರೆ ಪ್ರಕೃತಿ ಏನಾದರೂ ಏರ್ಪಾಡು ಮಾಡಿರಲೇಬೇಕಷ್ಟೆ.

ಆ ಏರ್ಪಾಡು ಎರಡು ಬಗೆಯದು. ಮೊದಲನೆಯದು ಕವಾಟಗಳು. ಇಟಲಿಯ ಪಾದುವಾದಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಫ್ಯಾಬ್ರಿಷಿಯಸನು ೧೬೦೩ರಲ್ಲಿ ಅಭಿಧಮನಿಗಳ ಒಳಗಿರುವ ಪುಟ್ಟ ಬಾಗಿಲುಗಳನ್ನು ಚಿತ್ರಸಮೇತ ವರ್ಣಿಸಿದನು. ಅವುಗಳ ಉಪಯೋಗವೇನೆಂಬುದು ಅವನಿಗೆ ಸರಿಯಾಗಿ ಹೊಳೆಯಲಿಲ್ಲ. ಅವನ ಶಿಷ್ಯನಾದ ವಿಲಿಯಂ ಹಾರ್ವೆಯು ೧೬೨೮ರಲ್ಲಿ ರಕ್ತಪರಿಚಲನೆಯನ್ನು ಸ್ಥಾಪಿಸಿದಾಗ, ತೋಳಿಗೆ ಪಟ್ಟಿ ಕಟ್ಟಿ, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿ, ರಕ್ತವು ಹೃದಯದ ಕಡೆಗೆ ಮಾತ್ರ ಹರಿಯಬಲ್ಲುದೆಂದೂ ಈ ಬಾಗಿಲುಗಳು ಅದನ್ನು ಹಿಂದಕ್ಕೆ ಬಿಡವೆಂದೂ ತೋರಿಸಿದನು.

ಎರಡನೆಯದು ಮೀನಖಂಡದ ಸ್ನಾಯು. ನಾವು ಒಂದೊಂದು ಹೆಜ್ಜೆ ಇಟ್ಟಾಗಲೂ ಅದು ಬಿಗಿದು, ಒಳಗಿನ ಅಭಿಧಮನಿಗಳನ್ನು ಹಿಂಡಿ, ರಕ್ತವನ್ನು ಮೇಲಕ್ಕೆ ತಳ್ಳುವುದು. ಕವಾಟಗಳು ಅದನ್ನು ಮರಳಿ ಬೀಳದಂತೆ ತಡೆಯುವುವು. ಎತ್ತರದ ಸ್ತಂಭವು ಹೀಗೆ ಚಿಕ್ಕ ಚಿಕ್ಕ ತುಂಡುಗಳಾಗುವುದರಿಂದ, ನಡೆಯುವಾಗ ಹರಡಿನ ಒತ್ತಡ ೯೦ರ ಆಸುಪಾಸಿನಿಂದ ೨೦-೩೦ ಮಿಲಿಮೀಟರಿಗೆ ಇಳಿಯುವುದು. ನಿಂತುಬಿಟ್ಟೆವೋ, ಕೆಳಗಿನಿಂದ ಬರುವ ರಕ್ತ ನಿಧಾನವಾಗಿ ತುಂಬಿ ಕವಾಟಗಳನ್ನೆಲ್ಲ ತೆರೆದು, ಅರ್ಧ ನಿಮಿಷ ಒಂದು ನಿಮಿಷದೊಳಗೆ ಸ್ತಂಭ ಮತ್ತೆ ಒಂದಾಗುವುದು. ಆದುದರಿಂದ ನಡೆಯುವುದು ಬೇರೆ, ನಿಲ್ಲುವುದು ಬೇರೆ. ದಿನವೆಲ್ಲ ಗದ್ದೆಯ ಬದುವಿನ ಮೇಲೆ ನಡೆದಾಡುವವನ ಹರಡಿಗಿಂತ ಅಂಗಡಿಯ ಕಟ್ಟೆಯ ಹಿಂದೆ ಅಲುಗದೆ ನಿಂತವನ ಹರಡಿಗೆ ಭಾರ ಹೆಚ್ಚು.

ಇನ್ನು ಕವಾಟ ಸೋತರೆ ಆಗುವುದೇನು? ರಕ್ತ ಹಿಂದಕ್ಕೆ ಬಿದ್ದು ಕೆಳಗಿನ ನಾಳ ಹಿಗ್ಗುವುದು. ನಾಳ ಹಿಗ್ಗಿದರೆ ಕವಾಟದ ಎರಡು ಎಸಳುಗಳು ಒಂದನ್ನೊಂದು ಮುಟ್ಟಲಾರವು, ಅದೂ ಸೋಲುವುದು. ಇಲ್ಲಿ ಲಾಪ್ಲಾಸನ ನಿಯಮ ಕೆಡುಕಿಗೆ ನೆರವಾಗುವುದು: ಒತ್ತಡ ಅಷ್ಟೇ ಇದ್ದರೂ ಕೊಳವೆಯ ತ್ರಿಜ್ಯ ಇಮ್ಮಡಿಯಾದರೆ ಗೋಡೆಯ ಮೇಲಿನ ಎಳೆತವೂ ಇಮ್ಮಡಿಯಾಗುವುದು. ಸೈಕಲ್ಲಿನ ಟ್ಯೂಬು ಉಬ್ಬಿದ ಕಡೆಯೇ ಇನ್ನಷ್ಟು ಉಬ್ಬುವುದಿಲ್ಲವೆ? ಹಾಗೆಯೇ ಇದೂ. ಮೂರು ಮಿಲಿಮೀಟರಿಗಿಂತ ದಪ್ಪವಾಗಿ ಉಬ್ಬಿದ ನಾಳವನ್ನು ವೈದ್ಯರು ವೆರಿಕೋಸ್ ಅಭಿಧಮನಿ ಎನ್ನುವರು. ಒಂದರಿಂದ ಮೂರು ಮಿಲಿಮೀಟರಿನ ನೀಲಿ ನಾಳಗಳು ಇನ್ನೊಂದು ವರ್ಗ. ಒಂದು ಮಿಲಿಮೀಟರಿಗಿಂತ ಸಣ್ಣವು ನನ್ನ ತಂಗಿಯ ಕಾಲಿನಲ್ಲಿ ಕಂಡಂಥ ಜೇಡನಾಳಗಳು. ಉಬ್ಬಿದ ನಾಳದ ಒತ್ತಡ ವರ್ಷಗಟ್ಟಲೆ ಇಳಿಯದಿದ್ದರೆ ಹರಡಿನ ಬಳಿಯ ಚರ್ಮ ಸೊರಗಿ, ಕೊನೆಗೆ ಒಡೆದು ಹುಣ್ಣಾಗುವುದು. ಅಟೆಂಡರಿಗೆ ಆದದ್ದು ಇದೇ.

ಜೇಡನಾಳಗಳೆಲ್ಲ ನಿಂತುದರಿಂದಲೇ ಹುಟ್ಟಿದುವೆಂದು ಮಾತ್ರ ಯಾರೂ ತಿಳಿಯಬಾರದು. ವಂಶ, ವಯಸ್ಸು, ಬಸಿರು, ಸ್ತ್ರೀದೇಹದ ಹಾರ್ಮೋನುಗಳು, ಹಳೆಯ ಪೆಟ್ಟು ಇವೆಲ್ಲವೂ ಅವಕ್ಕೆ ಕಾರಣವಾಗಬಹುದು. ಒಳಗಿನ ಕವಾಟಗಳೆಲ್ಲ ಸುಸ್ಥಿತಿಯಲ್ಲಿದ್ದೂ ಅವು ಕಾಣಿಸಿಕೊಳ್ಳುವುದುಂಟು. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ೧೮ರಿಂದ ೬೪ ವಯಸ್ಸಿನ ೧,೫೬೬ ಮಂದಿಯನ್ನು ಪರೀಕ್ಷಿಸಿ ೧೯೯೯ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರಲ್ಲಿ ನೂರಕ್ಕೆ ೮೦ಕ್ಕಿಂತ ಹೆಚ್ಚು ಜನರಿಗೆ ಅಲ್ಪಸ್ವಲ್ಪವಾದರೂ ಇಂಥ ಸಣ್ಣ ನಾಳಗಳಿದ್ದುವು. ಹತ್ತರಲ್ಲಿ ಎಂಟು ಮಂದಿಗೆ ಇರುವುದನ್ನು ರೋಗವೆಂದು ಕರೆದು ಹೆದರಿಸುವುದು ಸರಿಯಲ್ಲ.

ಈಗ ಸೂಜಿಯ ವಿಷಯಕ್ಕೆ ಬರೋಣ. ಅಭಿಧಮನಿಗೆ ಔಷಧಿ ಹೊಗಿಸಿ ಅದನ್ನು ಮುಚ್ಚಿಬಿಡುವ ಯೋಚನೆ ಚುಚ್ಚುಪಿಚಕಾರಿಯಷ್ಟೇ ಹಳೆಯದು. ೧೮೫೩ರಲ್ಲಿ ಫ್ರಾನ್ಸಿನ ಪ್ರವಾಜನು ಉಬ್ಬಿದ ಅಪಧಮನಿಯೊಳಗೆ ರಕ್ತ ಹೆಪ್ಪುಗಟ್ಟಿಸಲೆಂದು ಕಬ್ಬಿಣದ ಕ್ಲೋರೈಡನ್ನು ಹನಿಹನಿಯಾಗಿ ಬಿಡುವ ಪಿಚಕಾರಿಯನ್ನು ರೂಪಿಸಿದನು. ಅದೇ ದಾರಿಯಲ್ಲಿ ಅಭಿಧಮನಿಗಳ ಮೇಲೆ ನಡೆದ ಮೊದಮೊದಲ ಪ್ರಯತ್ನಗಳು ಉಗ್ರವಾದ ರಾಸಾಯನಿಕಗಳಿಂದಾಗಿ ಗುಣಕ್ಕಿಂತ ಅಪಾಯವನ್ನೇ ಹೆಚ್ಚು ತಂದುವು. ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಎಂಬ ಸೌಮ್ಯತರ ದ್ರವ ೧೯೪೬ರಲ್ಲಿ ಬಳಕೆಗೆ ಬಂತು. ಪಾಲಿಡೊಕನಾಲ್ ಎಂಬ ಇನ್ನೊಂದನ್ನು ಮೊದಲು ಮರಗಟ್ಟಿಸುವ ಔಷಧಿಯಾಗಿ ಬಳಸುತ್ತಿದ್ದರು. ನಾಳವನ್ನು ಮುಚ್ಚುವ ಗುಣ ಅದಕ್ಕಿರುವುದು ಆಮೇಲೆ ಪ್ರಯೋಜನಕ್ಕೆ ಬಂತು. ಇಂದು ಹೆಚ್ಚಾಗಿ ಬಳಸುವುದು ಇವೆರಡನ್ನೇ. ಈ ಚಿಕಿತ್ಸೆಗೆ ಸ್ಕ್ಲೀರೋಥೆರಪಿ ಎಂದು ಹೆಸರು.

ಇವೆರಡೂ ಒಂದು ಬಗೆಯ ಸಾಬೂನುಗಳೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಸಾಬೂನಿನ ಅಣುವಿನ ಒಂದು ತುದಿ ನೀರನ್ನು ಬಯಸುವುದು, ಇನ್ನೊಂದು ಜಿಡ್ಡನ್ನು. ಪಾತ್ರೆಯ ಜಿಡ್ಡನ್ನು ಅದು ಬಿಡಿಸುವುದು ಹೀಗೆಯೇ. ಜೀವಕೋಶದ ಹೊದಿಕೆಯೂ ಜಿಡ್ಡಿನ ಪದರವೇ ಆದುದರಿಂದ, ಈ ದ್ರವ ನಾಳದ ಒಳಮೈಯನ್ನು ತಾಕಿದಾಗ ಅಲ್ಲಿನ ಕೋಶಗಳ ಹೊದಿಕೆ ಹರಿದುಹೋಗುವುದು. ಒಳಪದರ ಕಳೆದುಕೊಂಡ ನಾಳದ ಗೋಡೆಗಳು ಬಾತು, ಒಂದಕ್ಕೊಂದು ಅಂಟಿ, ಕ್ರಮೇಣ ನಾರಿನ ಎಳೆಯಾಗಿ, ವಾರಗಳು ತಿಂಗಳುಗಳು ಕಳೆದಂತೆ ದೇಹದಲ್ಲಿ ಕರಗಿಹೋಗುವುವು. ಕಾಲಿನ ರಕ್ತದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಳಗಿನ ಆಳದ ಅಭಿಧಮನಿಗಳ ಮೂಲಕವೇ ಮೇಲೇರುವುದರಿಂದ, ಮೇಲ್ಮೈಯ ಒಂದು ಕೆಟ್ಟ ನಾಳ ಮುಚ್ಚಿದರೆ ನಷ್ಟವೇನೂ ಇಲ್ಲ.

ನೊರೆಯ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಸಣ್ಣ ನಾಳದಲ್ಲಿ ದ್ರವವು ರಕ್ತವನ್ನು ತಳ್ಳಿ ತಾನೇ ತುಂಬಿಕೊಳ್ಳುವುದು; ಕೂದಲಿನಂಥ ನಾಳಕ್ಕೆ ಸುಮಾರು ೦.೩ ಮಿಲಿಮೀಟರ್ ದಪ್ಪದ ಸೂಜಿಯೂ ತೀರ ತೆಳುವಾದ ದ್ರವವೂ ಸಾಕು. ದೊಡ್ಡ ನಾಳದಲ್ಲಾದರೋ ದ್ರವ ರಕ್ತದೊಡನೆ ಬೆರೆತು ನೀರಾಗಿ, ರಕ್ತದ ಪ್ರೋಟೀನುಗಳಿಗೆ ಅಂಟಿ, ಗೋಡೆಯನ್ನು ಮುಟ್ಟುವ ಮುನ್ನವೇ ಶಕ್ತಿಗುಂದುವುದು. ಇದಕ್ಕೆ ಉಪಾಯವಾಗಿ ಗಾಳಿಯನ್ನು ಬಳಸುವುದನ್ನು ಓರ್ಬಾಕ್ ಎಂಬ ವೈದ್ಯನು ೧೯೪೪ರಲ್ಲಿಯೇ ಸೂಚಿಸಿದನು. ಇಟಲಿಯ ಟೆಸ್ಸಾರಿಯು ೨೦೦೦ದಲ್ಲಿ ತೋರಿಸಿದ ವಿಧಾನ ಬಹು ಸರಳವಾದುದು: ಎರಡು ಪಿಚಕಾರಿಗಳನ್ನು ಮೂರು ದಾರಿಯ ಒಂದು ನಲ್ಲಿಯಿಂದ ಜೋಡಿಸಿ, ಒಂದು ಪಾಲು ದ್ರವವನ್ನೂ ನಾಲ್ಕು ಪಾಲು ಗಾಳಿಯನ್ನೂ ಅತ್ತಿಂದಿತ್ತ ತಳ್ಳಾಡಿದರೆ ಬೆಣ್ಣೆಯಂಥ ನೊರೆಯಾಗುವುದು. ನೊರೆ ರಕ್ತದೊಡನೆ ಬೆರೆಯದೆ ಅದನ್ನು ಪಕ್ಕಕ್ಕೆ ತಳ್ಳಿ ನಾಳವನ್ನು ತುಂಬುವುದು. ಸಣ್ಣ ಗುಳ್ಳೆಯೊಳಗಿನ ಒತ್ತಡ ದೊಡ್ಡ ಗುಳ್ಳೆಯದಕ್ಕಿಂತ ಹೆಚ್ಚು; ಇದೂ ಲಾಪ್ಲಾಸನ ನಿಯಮವೇ. ಆದುದರಿಂದ ಸಣ್ಣವುಗಳ ಗಾಳಿ ದೊಡ್ಡವಕ್ಕೆ ಸೋರಿ ನೊರೆ ಒಂದೆರಡು ನಿಮಿಷದಲ್ಲಿ ಕೆಡತೊಡಗುವುದು. ಅಷ್ಟರೊಳಗೆ ವೈದ್ಯರು ಕೆಲಸ ಮುಗಿಸಬೇಕು. ಇದನ್ನೆಲ್ಲ ವಿವರಿಸಿದಾಗ ನನ್ನ ತಂಗಿ, “ಹಾಗಾದರೆ ನನ್ನ ಗೆರೆಗಳಿಗೆ ನೊರೆಯ ಅಗತ್ಯವೇ ಇಲ್ಲವಲ್ಲ” ಎಂದಳು. ಜಾಹೀರಾತು ಹೇಳದಿದ್ದ ಮಾತನ್ನು ಅವಳೇ ಕಂಡುಕೊಂಡಳು.

ಇದು ಮಾಟವಲ್ಲ, ಮೋಸವೂ ಅಲ್ಲ, ಬುದ್ಧಿವಂತಿಕೆಯ ಚಿಕಿತ್ಸೆ. ಸರಿಯಾಗಿ ಆರಿಸಿದ ಜೇಡನಾಳಗಳಲ್ಲಿ ಬಹುಪಾಲು ಇದರಿಂದ ಮಾಸುವುವು. ಆದರೆ ಅದರ ಬೆಲೆಯನ್ನೂ ತಿಳಿದಿರಬೇಕು. ಒಂದೇ ಸಲಕ್ಕೆ ಮುಗಿಯುವುದು ಅಪರೂಪ. ಕೆಲವು ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕಾಗಬಹುದು. ಚುಚ್ಚಿದ ಕಡೆ ರಕ್ತದ ಕಬ್ಬಿಣದ ಅಂಶ ಚರ್ಮದಲ್ಲಿ ಉಳಿದು ಕಂದು ಕಲೆಯಾಗುವುದುಂಟು. ಅದು ಮಾಸಲು ತಿಂಗಳುಗಳೇ ಬೇಕು, ಕೆಲವರಲ್ಲಿ ಒಂದು ವರ್ಷವೂ ಆಗುವುದು. ಮುಚ್ಚಿದ ನಾಳದ ಸುತ್ತ ಇನ್ನೂ ಸೂಕ್ಷ್ಮವಾದ ಕೆಂಪು ನಾಳಗಳ ಚಾಪೆ ಹಾಸಿಕೊಳ್ಳಬಹುದು. ದ್ರವ ಹೊರಗೆ ಸೋರಿದರೆ ಚರ್ಮ ಸತ್ತು ಹುಣ್ಣಾಗಬಹುದು. ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ತೀವ್ರವಾದ ಅಲರ್ಜಿ, ನೊರೆಯ ಗುಳ್ಳೆಗಳಿಂದ ಕೆಲಹೊತ್ತು ಕಣ್ಣು ಮಂಜಾಗುವುದು, ಇವು ವಿರಳ. ಆದರೆ ಇಲ್ಲದೆ ಇಲ್ಲ. ಗರ್ಭಿಣಿಯರಿಗೆ ಈ ಚಿಕಿತ್ಸೆ ಮಾಡುವುದಿಲ್ಲ. ಬಸಿರಿನಲ್ಲಿ ಕಂಡ ನಾಳಗಳು ಹೆರಿಗೆಯ ನಂತರ ಎಷ್ಟೋ ವೇಳೆ ತಾವಾಗಿಯೇ ಕುಗ್ಗುವುವು.

ಇನ್ನು “ಶಾಶ್ವತ” ಎಂಬ ಮಾತು. ಮುಚ್ಚಿದ ನಾಳ ಮತ್ತೆ ಬಾಯಿ ತೆರೆಯಬಹುದು. ಪಕ್ಕದಲ್ಲಿ ಹೊಸದು ಹಿಗ್ಗಬಹುದು. ತೊಟ್ಟಿ ತುಂಬಿರುವಾಗ ಕೊಳಾಯಿಯ ಒಂದು ಬಿರುಕಿಗೆ ಮೇಣ ಮೆತ್ತಿದರೆ ಆ ಬಿರುಕು ಮುಚ್ಚೀತು. ಕೊಳಾಯಿಯ ಮೇಲಿನ ಒತ್ತಡ ತೊಟ್ಟಿಯ ಎತ್ತರದಷ್ಟೇ ಉಳಿಯುವುದು. ಮೇಲೆ ಯಾವುದೋ ದೊಡ್ಡ ನಾಳದ ಕವಾಟ ಸೋತು, ಅದರಿಂದ ಕೆಳಗಿನ ಸಣ್ಣ ನಾಳಗಳು ಹಿಗ್ಗಿದ್ದರೆ, ಮೂಲವನ್ನು ಬಿಟ್ಟು ಸಣ್ಣವನ್ನು ಚುಚ್ಚುತ್ತ ಕೂಡುವುದು ಮುಗಿಯದ ಕೆಲಸ. ಚಿಕಿತ್ಸೆ ಪಡೆಯುವವರಿಗೆ ಇದನ್ನು ಹೇಳದೆ “ಶಾಶ್ವತ” ಎಂದು ಅಚ್ಚುಹಾಕುವುದನ್ನು ನಾನು ಖಂಡಿಸುತ್ತೇನೆ.

ಮೂಲದ ನಾಳಕ್ಕಾದರೂ ಸೂಜಿಯೇ ಎಲ್ಲ ಕಡೆಯೂ ಮೇಲೆಂದು ಹೇಳುವಂತಿಲ್ಲ. ಬ್ರಿಟನ್ನಿನಲ್ಲಿ ೭೯೮ ರೋಗಿಗಳ ಮೇಲೆ ನೊರೆ, ಲೇಸರ್, ಶಸ್ತ್ರಚಿಕಿತ್ಸೆ ಈ ಮೂರನ್ನೂ ಹೋಲಿಸಿ ನೋಡಿದರು. ೨೦೧೯ರಲ್ಲಿ ಪ್ರಕಟವಾದ ಐದು ವರ್ಷಗಳ ಫಲಿತಾಂಶದಲ್ಲಿ, ದೊಡ್ಡ ನಾಳದ ತೊಂದರೆಯುಳ್ಳವರ ನೆಮ್ಮದಿ ನೊರೆಗಿಂತ ಲೇಸರ್ ಅಥವಾ ಶಸ್ತ್ರಚಿಕಿತ್ಸೆಯಿಂದ ಹೆಚ್ಚಾಗಿದ್ದುದು ಕಂಡುಬಂತು. ಆದರೆ ಅಂಕುಡೊಂಕಾದ ನಾಳದೊಳಗೆ ಲೇಸರಿನ ತಂತು ಹೋಗಲಾರದು, ನೊರೆ ಹೋಗಬಲ್ಲುದು. ಯಾವ ನಾಳಕ್ಕೆ ಯಾವುದು ಎಂಬುದನ್ನು ನಾಳದ ಆಕಾರವೂ ಗಾತ್ರವೂ ನಿರ್ಧರಿಸಬೇಕು. ಚಿಕಿತ್ಸಾಲಯದಲ್ಲಿ ಯಾವ ಯಂತ್ರವಿದೆ ಎಂಬುದಲ್ಲ.

ಹುಣ್ಣಾದವರ ವಿಷಯದಲ್ಲಂತೂ ಕಾಯುವುದೇ ತಪ್ಪೆಂದು ಈಗ ತಿಳಿದಿದೆ. ಬ್ರಿಟನ್ನಿನಲ್ಲಿಯೇ ೪೫೦ ರೋಗಿಗಳ ಮೇಲೆ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಕಾಲಿಗೆ ಬಿಗಿಪಟ್ಟಿ ಕಟ್ಟುವುದರೊಂದಿಗೆ ಎರಡು ವಾರದೊಳಗೇ ಕೆಟ್ಟ ನಾಳವನ್ನು ನೊರೆಯಿಂದಲೋ ಶಾಖದಿಂದಲೋ ಮುಚ್ಚಿದವರಲ್ಲಿ ಹುಣ್ಣು ಮಾಯಲು ಹಿಡಿದ ಮಧ್ಯಮ ಅವಧಿ ೫೬ ದಿನ; ಪಟ್ಟಿ ಕಟ್ಟಿ, ನಾಳದ ಚಿಕಿತ್ಸೆಯನ್ನು ಮುಂದೂಡಿದವರಲ್ಲಿ ೮೨ ದಿನ. ಎರಡು ವರ್ಷ ಮುಲಾಮು ಹಚ್ಚಿದ ನಮ್ಮ ಅಟೆಂಡರನ್ನು ನೆನೆದಾಗ ಈ ಅಂಕಿಗಳು ನನಗೆ ಬರಿಯ ಅಂಕಿಗಳಾಗಿ ಕಾಣಲಿಲ್ಲ.

ಹಾಗಾದರೆ ಮೂಲವನ್ನು ಕಂಡುಹಿಡಿಯುವುದು ಹೇಗೆ? ಇಲ್ಲಿಯೂ ನಮ್ಮ ಶಾಸ್ತ್ರವೇ ನೆರವಿಗೆ ಬರುವುದು. ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯನ್ನು ಕಾಲಿನೊಳಕ್ಕೆ ಕಳುಹಿಸಿದರೆ, ಹರಿಯುವ ರಕ್ತಕಣಗಳಿಂದ ಮರಳಿದ ಧ್ವನಿಯ ಆವೃತ್ತಿ ಬದಲಾಗಿರುವುದು. ನಿಲ್ದಾಣವನ್ನು ದಾಟುವ ರೈಲಿನ ಸಿಳ್ಳು ತಗ್ಗಿದಂತೆ ಕೇಳಿಸುವ ಡಾಪ್ಲರ್ ಪರಿಣಾಮವೇ ಇದು. ಮೀನಖಂಡವನ್ನು ಹಿಂಡಿ ಬಿಟ್ಟಾಗ ರಕ್ತ ಕೆಳಗೆ ಬೀಳುವುದೋ ಇಲ್ಲವೋ, ಬಿದ್ದರೆ ಯಾವ ಕವಾಟದಿಂದ ಎಂಬುದೆಲ್ಲ ಪರದೆಯ ಮೇಲೆ ಕಾಣುವುದು. ಸೂಜಿಯಿಲ್ಲ, ನೋವಿಲ್ಲ. ಪ್ರತಿಯೊಂದು ಜೇಡನಾಳಕ್ಕೂ ಈ ಪರೀಕ್ಷೆ ಬೇಕೆಂದು ನಾನು ಹೇಳುವುದಿಲ್ಲ. ಕಾಲು ಊದುವುದು, ಸಂಜೆ ಸೆಳೆಯುವುದು, ಹರಡಿನ ಚರ್ಮ ಕಂದಾಗುವುದು, ದಪ್ಪ ನಾಳ ಕಾಣುವುದು, ಇವುಗಳಲ್ಲಿ ಒಂದಿದ್ದರೂ ಪರೀಕ್ಷೆಗೆ ಮೊದಲು ಸೂಜಿ ಸಲ್ಲದು. ಹುಣ್ಣಾಗಿದ್ದರೆ ಪರೀಕ್ಷೆಯನ್ನು ಒಂದು ದಿನವೂ ಮುಂದೂಡಬಾರದು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಚೆಲುವಿಗಾಗಿ ಚಿಕಿತ್ಸೆ ಬಯಸುವುದು ತಪ್ಪೇ ಎಂದು. ಖಂಡಿತ ಅಲ್ಲ. ಹಲ್ಲನ್ನು ಸಾಲುಗೊಳಿಸಿಕೊಳ್ಳುವವರನ್ನು ನಾವು ಗೇಲಿಮಾಡುವುದಿಲ್ಲ. ಕಾಲಿನ ಗೆರೆಗಳಿಗಾಗಿ ಸಂಕೋಚಪಡುವ ಹುಡುಗಿಯನ್ನೂ ಗೇಲಿಮಾಡಬಾರದು. ನನ್ನ ತಂಗಿಗೆ ನಾನು ಬೇಡವೆನ್ನಲಿಲ್ಲ. ಅಪಾಯವಿಲ್ಲದ ಗೆರೆಗಳಿಗೆ ಆತುರವಿಲ್ಲ, ಮದುವೆಯ ತಿಂಗಳಲ್ಲಿ ಚುಚ್ಚಿಸಿಕೊಂಡರೆ ಗೆರೆಯ ಬದಲು ಕಲೆ ಕಂಡೀತು ಎಂದಷ್ಟೇ ಹೇಳಿದೆ. ಅವಳು ವೈದ್ಯರನ್ನು ಕಂಡು ಬಂದು, ಮುಂದಿನ ವರ್ಷ ನೋಡೋಣವೆಂದು ಬಿಟ್ಟಳು. ತಿಳಿದು ಮಾಡಿಸಿಕೊಂಡಿದ್ದರೂ ನನಗೆ ಸಂತೋಷವೇ.

ಆದರೆ ರಕ್ತಸ್ತಂಭದ ಮಾತು ಇಷ್ಟಕ್ಕೆ ಮುಗಿಯುವುದಿಲ್ಲ. ಒತ್ತಡ ಹುಟ್ಟುವುದು ನಿಲ್ಲುವುದರಿಂದಾದರೆ, ದಿನವೆಲ್ಲ ನಿಲ್ಲುವವರು ಯಾರು ಎಂದೂ ಕೇಳಬೇಕು. ಡೆನ್ಮಾರ್ಕಿನಲ್ಲಿ ದುಡಿಯುವ ಜನರನ್ನು ೧೨ ವರ್ಷ ಗಮನಿಸಿ ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಾಗಿ ನಿಂತು ಕೆಲಸಮಾಡುವವರು ವೆರಿಕೋಸ್ ತೊಂದರೆಯಿಂದ ಆಸ್ಪತ್ರೆ ಸೇರುವುದು ಉಳಿದವರಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಹೆಚ್ಚೆಂದು ಕಂಡಿತು. ಜವಳಿ ಅಂಗಡಿಯ ಹೆಣ್ಣುಮಕ್ಕಳು, ಹೋಟೆಲಿನ ಅಡಿಗೆಯವರು, ಕಾವಲುಗಾರರು, ಸಂಚಾರ ಪೊಲೀಸರು, ಕ್ಷೌರಿಕರು, ದಾದಿಯರು, ನಮ್ಮಂಥ ಅಧ್ಯಾಪಕರು: ಪಟ್ಟಿ ದೊಡ್ಡದು. ನಿಂತು ದುಡಿಯುವ ಕಾರ್ಮಿಕರಿಗೆ ಬಿಡುವಾದಾಗ ಕುಳಿತುಕೊಳ್ಳಲು ತಕ್ಕ ಏರ್ಪಾಡಿರಬೇಕೆಂದು ೧೯೪೮ರ ಕಾರ್ಖಾನೆಗಳ ಕಾಯಿದೆಯ ೪೪ನೆಯ ಪ್ರಕರಣ ವಿಧಿಸಿತ್ತು. ಆದರೆ ಅದು ಕಾರ್ಖಾನೆಗಳ ಮಾತು. ಅಂಗಡಿಗಳಲ್ಲಿ ಕುಳಿತುಕೊಳ್ಳುವ ಹಕ್ಕಿಗಾಗಿ ಕೇರಳದ ಕೋಳಿಕ್ಕೋಡಿನ ಹೆಣ್ಣುಮಕ್ಕಳು ಹೋರಾಡಬೇಕಾಯಿತು. ೨೦೧೮ರಲ್ಲಿ ಕೇರಳವೂ ೨೦೨೧ರಲ್ಲಿ ತಮಿಳುನಾಡೂ ಅಂಗಡಿಗಳ ಕಾಯಿದೆಯನ್ನು ತಿದ್ದಿ ಈ ಹಕ್ಕನ್ನು ಬರೆದುವು. ಕಾಯಿದೆಯ ಪುಟದಿಂದ ಅಂಗಡಿಯ ನೆಲದವರೆಗೆ ಆಸನ ಇಳಿದುಬರಬೇಕಾದರೆ ಮಾಲೀಕರ ಮನಸ್ಸೂ ಗಿರಾಕಿಗಳ ಮನಸ್ಸೂ ಬದಲಾಗಬೇಕು.

ಏಕೆಂದರೆ ನಮ್ಮಲ್ಲಿ ನಿಲ್ಲುವುದು ಮರ್ಯಾದೆಯ ಗುರುತು. ದೊಡ್ಡವರ ಮುಂದೆ ಕುಳಿತರೆ ಉದ್ಧಟತನ. ಗಿರಾಕಿಯ ಮುಂದೆ ಕುಳಿತರೆ ಸೋಮಾರಿತನ. ಗುರುತ್ವಾಕರ್ಷಣೆಗೆ ಈ ಶಿಷ್ಟಾಚಾರ ತಿಳಿಯದು; ಅದು ಮರ್ಯಾದೆಗಾಗಿ ನಿಂತವರ ಹರಡಿನ ಮೇಲೂ ಅದೇ ೯೩ ಮಿಲಿಮೀಟರನ್ನು ಹೇರುವುದು. ವಿದ್ಯಾರ್ಥಿಗಳಾದ ನಿಮ್ಮಿಂದ ಆಗತಕ್ಕ ಕೆಲಸಗಳು ಚಿಕ್ಕವು. ಬಹಳ ಹೊತ್ತು ನಿಲ್ಲಬೇಕಾದರೆ ನಡುನಡುವೆ ನಾಲ್ಕು ಹೆಜ್ಜೆ ನಡೆಯಿರಿ. ಇಲ್ಲವೇ ಹಿಮ್ಮಡಿಯನ್ನು ಎತ್ತಿ ಇಳಿಸಿರಿ. ಮೀನಖಂಡ ತನ್ನ ಕೆಲಸ ಮಾಡುವುದು. ಮನೆಯಲ್ಲಿ ಯಾರ ಹರಡಿನ ಬಳಿಯಾದರೂ ಮಾಯದ ಹುಣ್ಣಿದ್ದರೆ ಮುಲಾಮಿನ ಡಬ್ಬಿಯನ್ನು ನಂಬಿ ಕೂಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಅಂಗಡಿಯಲ್ಲಿ ಕೆಲಸದಾಕೆ ಕುಳಿತಿದ್ದರೆ ಹುಬ್ಬು ಗಂಟಿಕ್ಕಬೇಡಿರಿ.

ನಮ್ಮ ಅಟೆಂಡರನ್ನು ಜಿಲ್ಲಾಕೇಂದ್ರದ ಒಂದು ಆಸ್ಪತ್ರೆಗೆ ಕರೆದೊಯ್ದೆವು. ತೊಡೆಯ ಒಳಬದಿಯ ದೊಡ್ಡ ನಾಳದ ಕವಾಟ ಸೋತಿತ್ತು. ಅದನ್ನು ಲೇಸರ್ ಶಾಖದಿಂದಲೂ, ಹುಣ್ಣಿನ ಸುತ್ತಲಿನ ಅಂಕುಡೊಂಕು ನಾಳಗಳನ್ನು ನೊರೆಯ ಚುಚ್ಚುಮದ್ದಿನಿಂದಲೂ ಮುಚ್ಚಿ ಬಿಗಿಪಟ್ಟಿ ಕಟ್ಟಿದರು. ಅದೇ ದಿನ ಅವರು ನಡೆದೇ ಹೊರಗೆ ಬಂದರು. ಮೂರನೆಯ ತಿಂಗಳು ಹುಣ್ಣು ಮಾಯಿತು. ಕೊನೆಗೆ ಸೂಜಿಯು ಹೋಗಬೇಕಾದ ಕಾಲಿಗೇ ಹೋಯಿತು.

ಪ್ರಯೋಗಶಾಲೆಯ ಮೂಲೆಯಲ್ಲಿ ಈಗ ಅವರಿಗಾಗಿ ಒಂದು ಸ್ಟೂಲು ಇಟ್ಟಿದ್ದೇವೆ. ಅಧ್ಯಾಪಕರಾರಾದರೂ ಒಳಗೆ ಬಂದರೆ ಅವರು ಇನ್ನೂ ಥಟ್ಟನೆ ಎದ್ದು ನಿಲ್ಲುವರು. ೨೮ ವರ್ಷಗಳ ಅಭ್ಯಾಸವಲ್ಲವೇ? ನಾನು ಪ್ರತಿ ದಿನವೂ “ಕುಳಿತುಕೊಳ್ಳಿ” ಎನ್ನುತ್ತೇನೆ. ಅವರು ನಕ್ಕು ಕುಳಿತುಕೊಳ್ಳುತ್ತಾರೆ.